ಎರೆ ಮಣ್ಣಿನ ಕೆಸರಿಗೆ ಸೈಕಲ್ ಟೈರ್ ಆರಿಸಿದ ಬಗೆ: ನನ್ನ ಅನುಭವ

ಸಿಂಧನೂರು ತಾಲ್ಲೂಕಿನ ನೀರಾವರಿ ಪ್ರದೇಶದಲ್ಲಿ ಮಳೆ ಬಾರದ ದಿನವೂ ರಸ್ತೆ ಜಾರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಸಾಕು, ಕೆಸರುಗದ್ದೆಯಲ್ಲಿ ಓಡಾಡಿದ ಟ್ರ್ಯಾಕ್ಟರ್‌ಗಳು ಕೇಜ್‌ವೀಲಿನ ಕಬ್ಬಿಣದ ಪಟ್ಟಿಗಳಿಗೆ ಮೆತ್ತಿದ ಎರೆ ಮಣ್ಣನ್ನು ಡಾಂಬರು ರಸ್ತೆಯ ಮೇಲೆ ಉದುರಿಸುತ್ತ ಹೋಗುತ್ತವೆ. ಆ ಹೆಂಟೆಗಳನ್ನು ಹಿಂದೆ ಬರುವ ಬಸ್ಸು, ಲಾರಿಗಳು ಅರೆದು ತೆಳ್ಳಗೆ ಹರಡುತ್ತವೆ. ಬಿಸಿಲಿಗೆ ಒಣಗಿದಾಗ ಅದು ಬರೀ ದೂಳು. ಮುಂಜಾನೆಯ ಇಬ್ಬನಿಯೋ ಒಂದು ಹನಿ ಮಳೆಯೋ ತಾಕಿತೆಂದರೆ ಕಾಲಿಟ್ಟವರೂ ಜಾರುವಂತಹ ಲೋಳೆಯಾಗುತ್ತದೆ. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಇಂತಹ ಡಾಂಬರು ರಸ್ತೆಯ ಜೊತೆಗೆ ಉಪಕಾಲುವೆಯ ಏರಿಯ ಮೇಲಿನ ಮಣ್ಣಿನ ಹಾದಿಯೂ, ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆದ ಗರಸಿನ ರಸ್ತೆಯೂ ಇವೆ. ಈ ಮೂರಕ್ಕೂ ಒಗ್ಗುವ ಟೈರ್ ಯಾವುದು ಎಂಬ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದದ್ದು ಮುಂದಿನ ಟೈರಿನ ಮಾತು. ನಮ್ಮಲ್ಲಿ ಬಹುತೇಕ ಎಲ್ಲರೂ ಹೊಸ ಟೈರನ್ನು ಹಿಂದಿನ ಗಾಲಿಗೇ ಹಾಕಿಸುತ್ತಾರೆ, ಏಕೆಂದರೆ ಸವೆಯುವುದು ಅದೇ. ಸವಾರನ ಮತ್ತು ಕ್ಯಾರಿಯರಿನ ಮೇಲಿನ ಸಾಮಾನಿನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರುವುದೂ ಪೆಡಲಿನ ಬಲವನ್ನು ನೆಲಕ್ಕೆ ಮುಟ್ಟಿಸುವುದೂ ಹಿಂದಿನ ಗಾಲಿ. ಆದರೆ ಸವಾರನನ್ನು ಬೀಳಿಸುವುದು ಮುಂದಿನ ಗಾಲಿ. ಸಿಂಧನೂರಿನ ಬಸ್ ನಿಲ್ದಾಣದ ಬಳಿ ಬಹಳ ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರು ನನಗೆ ಇದನ್ನು ಬಿಡಿಸಿ ಹೇಳಿದರು: "ಸರ, ಹಿಂದಿನ ಗಾಲಿ ಜಾರಿದ್ರ ಸೈಕಲ್ ಬಾಲ ಬೀಸತೈತಿ, ಕಾಲು ಊರಿ ನಿಲ್ಲಬಹುದು. ಮುಂದಿಂದು ಜಾರಿದ್ರ ಕಾಲು ಊರಾಕ ಟೈಮೇ ಸಿಗಂಗಿಲ್ರಿ." ಹ್ಯಾಂಡಲ್ ತಿರುಗಿಸಿ ತೋಲನ ಕಾಯ್ದುಕೊಳ್ಳುವುದು ಮುಂದಿನ ಗಾಲಿಯ ಹಿಡಿತದಿಂದಲೇ ಆದ್ದರಿಂದ, ಆ ಹಿಡಿತ ತಪ್ಪಿದ ಕ್ಷಣದಲ್ಲಿ ಸಾವರಿಸಿಕೊಳ್ಳಲು ಬೇರೆ ಉಪಾಯ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಎರಡು ಗಾಲಿಗಳಿಗೂ ಒಂದೇ ಬಗೆಯ ಟೈರ್ ಹಾಕಿಸುವುದನ್ನು ನಾನು ಬಿಟ್ಟೆ.

ಅಂಗಡಿಗೆ ಹೋಗುವ ಮುನ್ನ ಅಳತೆ ತಿಳಿದಿರಬೇಕು. ಟೈರಿನ ಪಕ್ಕದಲ್ಲಿ 40-622 ಎಂಬಂತಹ ಎರಡು ಅಂಕಿಗಳು ಅಚ್ಚಾಗಿರುತ್ತವೆ. ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಅಪ್ಪಂದಿರ ಕಾಲದ ಕರಿ ಸೈಕಲ್ಲಿನ 28 × 1½ ಟೈರಿಗೆ ಈ ವ್ಯಾಸ 635, ಡಾಂಬರಿಗೂ ಮಣ್ಣಿನ ಹಾದಿಗೂ ಹೊಂದುವ ಇಂದಿನ ಹೈಬ್ರಿಡ್ ಸೈಕಲ್ಲುಗಳ 700 ಸಿ ಟೈರಿಗೆ 622, ಹಳೆಯ ಬಗೆಯ 26 ಇಂಚಿನ ಎಂಟಿಬಿಗೆ (ಮೌಂಟನ್ ಬೈಕಿಗೆ) 559. 700 ಸಿ ಟೈರನ್ನೂ ಕೆಲವು ಕಂಪನಿಗಳು 28 ಇಂಚು ಎಂದೇ ಬರೆಯುವುದರಿಂದ ಇಂಚಿನ ಲೆಕ್ಕ ನಂಬಿ ಕೊಂಡವರ ಟೈರ್ ರಿಮ್ಮಿಗೆ ಕೂರದೆ ಹೋಗುವುದುಂಟು. ನನ್ನದು ಹೈಬ್ರಿಡ್, ಆದ್ದರಿಂದ 622.

ಇನ್ನು ಟೈರಿನ ಗೀರುಗಳ ವಿಚಾರ. ಆಳವಾದ ಗೀರುಗಳಿದ್ದಷ್ಟೂ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚು ಎಂಬುದು ಕಾರಿನ ಟೈರಿಗೆ ಒಪ್ಪುವ ಮಾತು. ಸೈಕಲ್ಲಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಟೈರು ನೀರಿನ ಪದರದ ಮೇಲೆ ತೇಲುವ ವೇಗವು ಮುಖ್ಯವಾಗಿ ಒಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. 50 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಗಾಳಿಯಿರುವ ಟೈರು ತೇಲಬೇಕಾದರೆ ಗಂಟೆಗೆ 100 ಕಿ.ಮೀ.ಗೂ ಹೆಚ್ಚಿನ ವೇಗ ಬೇಕು. ಜೊತೆಗೆ ಸೈಕಲ್ ಟೈರು ಕಿರಿದಾಗಿ, ದುಂಡಗಿರುವುದರಿಂದ ನೀರು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಬರೀ ಮಳೆನೀರು ನಿಂತ ಡಾಂಬರಿನ ಮೇಲೆ ನುಣುಪು ಟೈರೂ ಚೆನ್ನಾಗಿಯೇ ಹಿಡಿಯುತ್ತದೆ, ರಬ್ಬರು ಮೃದುವಾಗಿದ್ದರೆ. ಎರೆ ಮಣ್ಣಿನ ಲೋಳೆಯ ಸ್ವಭಾವ ನೀರಿನಂತಲ್ಲ. ಅದು ಸುಲಭವಾಗಿ ಪಕ್ಕಕ್ಕೆ ಸರಿಯದೆ ರಬ್ಬರಿಗೂ ಡಾಂಬರಿಗೂ ನಡುವೆ ಉಳಿದುಬಿಡುತ್ತದೆ. ಅಲ್ಲಿ ತೀರ ಅಗಲದ ಟೈರು ತನ್ನ ಭಾರವನ್ನು ಹಂಚಿಕೊಂಡು ಲೋಳೆಯ ಮೇಲೆಯೇ ಕೂರುತ್ತದೆ, ಮಧ್ಯಮ ಅಗಲದ ಟೈರು ಅದನ್ನು ಸೀಳಿ ಡಾಂಬರನ್ನು ಮುಟ್ಟುತ್ತದೆ. ಕಾಲುವೆ ಏರಿಯ ಮೇಲೆ ಲೆಕ್ಕ ತಿರುಗುತ್ತದೆ. ಅಲ್ಲಿ ಕೆಳಗೆ ಗಟ್ಟಿ ನೆಲವೇ ಇಲ್ಲದ್ದರಿಂದ ಮಣ್ಣನ್ನು ಕಚ್ಚಿ ಹಿಡಿಯುವ ಗಟ್ಟೆಗಳು, ಅಂದರೆ ಟೈರಿನ ಮೈಮೇಲೆ ಉಬ್ಬಿ ನಿಂತ ರಬ್ಬರಿನ ತುಣುಕುಗಳು, ಬೇಕು. ಎರಡನ್ನೂ ತೂಗಿ ನೋಡಿ ನಾನು ಮುಂದಿನ ಗಾಲಿಗೆ 40 ಮಿ.ಮೀ. ಅಗಲದ, ನಡುವೆ ಒತ್ತಾದ ಸಣ್ಣ ಗಟ್ಟೆಗಳೂ ಎರಡು ಭುಜಗಳಲ್ಲಿ ದೂರದೂರಕ್ಕೆ ಎತ್ತರದ ಗಟ್ಟೆಗಳೂ ಇರುವ ಟೈರ್ ಆರಿಸಿದೆ. ನೆಟ್ಟಗೆ ಹೋಗುವಾಗ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಮೆತ್ತಗಿನ ಮಣ್ಣಿನಲ್ಲಿ ಗಾಲಿ ಹುದುಗಿದಾಗ ಭುಜದ ಗಟ್ಟೆಗಳು ಕೆಲಸಕ್ಕೆ ಬರುತ್ತವೆ. ಗಟ್ಟೆಗಳ ನಡುವೆ ಸಾಕಷ್ಟು ಅಂತರವಿರಲೇಬೇಕು, ಇಲ್ಲವಾದರೆ ಮಣ್ಣು ಅಲ್ಲೇ ತುಂಬಿಕೊಂಡು ಒಂದು ಫರ್ಲಾಂಗು ಹೋಗುವುದರೊಳಗೆ ಟೈರು ನುಣ್ಣಗಾಗಿಬಿಡುತ್ತದೆ.

ರಬ್ಬರಿನ ಮೃದುತ್ವವನ್ನು ನಾನು ಅಂಗಡಿಯಲ್ಲೇ ಹೆಬ್ಬೆರಳಿನ ಉಗುರನ್ನು ಗಟ್ಟೆಗೆ ಒತ್ತಿ ನೋಡುತ್ತೇನೆ. ಉಗುರಿನ ಗುರುತು ಕ್ಷಣಕಾಲ ನಿಂತು ಮೇಲೆದ್ದರೆ ಒಳ್ಳೆಯದು. ಗುರುತೇ ಮೂಡದಿದ್ದರೆ ಆ ಟೈರು ಎಷ್ಟೇ ಚೆಂದದ ಗಟ್ಟೆಗಳಿದ್ದರೂ ಒದ್ದೆ ಡಾಂಬರಿಗೆ ತಕ್ಕದ್ದಲ್ಲ. ಪಕ್ಕವನ್ನು ಮಡಚಿ ಸಣ್ಣ ಬಿರುಕುಗಳಿವೆಯೇ ಎಂದೂ ನೋಡಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗಳನ್ನು ಅಂಗಡಿಯ ಹೊರಗೆ ತೂಗಾಡುತ್ತ ಕಳೆದ ಟೈರಿನ ರಬ್ಬರು ಗಟ್ಟಿಯಾಗಿ ಸೀಳಿರುತ್ತದೆ. ಒಳಗಿನ ಕಪಾಟಿನದ್ದನ್ನೇ ಕೇಳಿ ಪಡೆಯುವುದು ಮೇಲು.

ಎರೆ ಮಣ್ಣಿನಲ್ಲಿ ಟೈರಿನ ಆಯ್ಕೆಯಷ್ಟೇ ಮುಖ್ಯವಾದದ್ದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಅಂತರ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಮಳೆ ಸುರಿಯುತ್ತಿರುವಾಗ ಅದು ತೆಳುವಾಗಿ ಹರಿದುಹೋಗುತ್ತದೆ. ಮಳೆ ನಿಂತು ಅರೆ ಒಣಗಿದಾಗಲೇ ಅದರ ಅಂಟು ಅತಿ ಹೆಚ್ಚು. ಆಗ ಗಾಲಿ ಸುತ್ತಿದಷ್ಟೂ ಮಣ್ಣಿನ ಪದರ ಸುತ್ತಿಕೊಂಡು, ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿನ ಕೆಳಗೆ ಸಿಕ್ಕಿ, ಮುಂದಿನ ಗಾಲಿ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ನನ್ನ ಸೈಕಲ್ಲಿನ ಫೋರ್ಕಿನಲ್ಲಿ 45 ಮಿ.ಮೀ. ಟೈರೂ ಹಿಡಿಯುತ್ತಿತ್ತು, ಆದರೂ 40ರಲ್ಲಿ ನಿಲ್ಲಿಸಿದ್ದು ಸುತ್ತಲೂ ಒಂದು ಬೆರಳು ಸಲೀಸಾಗಿ ಆಡುವಷ್ಟು ಜಾಗ ಉಳಿಯಲಿ ಎಂದು. ಅಷ್ಟು ಮಾಡಿದರೂ ಅರೆ ಒಣಗಿದ ಎರೆ ಮಣ್ಣಿನ ಹಾದಿಯಲ್ಲಿ ಯಾವ ಟೈರೂ ಸಾಗುವುದಿಲ್ಲ. ನಮ್ಮಲ್ಲಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್ ತಿಂಗಳಲ್ಲಿ ನಾನು ಏರಿಯ ಹಾದಿಯನ್ನು ಪೂರ್ತಿ ಬಿಟ್ಟು, ಸುತ್ತುಬಳಸಾದರೂ ಗರಸಿನ ರಸ್ತೆಯಲ್ಲೇ ಹೋಗುತ್ತೇನೆ.

ಹಿಮದ ನಾಡುಗಳಲ್ಲಿ ಬಳಸುವ ಮೊಳೆ ಟೈರುಗಳ ಬಗ್ಗೆ ನನ್ನ ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಆಗಾಗ ಕೇಳುತ್ತಾರೆ. ಫಿನ್ಲೆಂಡಿನ ಔಲು ನಗರದಲ್ಲಿ ಚಳಿಗಾಲವಿಡೀ ಜನರು ಸೈಕಲ್ ತುಳಿಯುತ್ತಾರೆ. ಅಲ್ಲಿಯೇ ಓದುತ್ತಿರುವ ನನ್ನ ತಂಗಿಯ ಮಗನೂ ಅಂತಹ ಟೈರುಗಳನ್ನೇ ಹಾಕಿದ್ದಾನೆ. ರಬ್ಬರಿನಲ್ಲಿ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡ್ ಮೊಳೆಗಳು ಮಂಜುಗಡ್ಡೆಯನ್ನು ಚುಚ್ಚಿ ಹಿಡಿಯುತ್ತವೆ. ಮಂಜುಗಡ್ಡೆಗೆ ಬೇರೆ ಮದ್ದಿಲ್ಲ. ಎಂತಹ ಗಟ್ಟೆಯೂ ಅದರ ಮೇಲೆ ಜಾರುತ್ತದೆ. ಆದರೆ ಮೆತ್ತಗಿನ ಹೊಸ ಹಿಮದಲ್ಲಿ ಮೊಳೆಗೆ ಚುಚ್ಚಲು ಗಟ್ಟಿಯಾದದ್ದೇನೂ ಸಿಗದು, ಅಲ್ಲಿ ಗಟ್ಟೆಗಳೂ ಕಡಿಮೆ ಗಾಳಿಯೂ ಬೇಕು. ಡಾಂಬರಿನ ಮೇಲೆ ತೆಳ್ಳಗೆ ಕರಗಿದ ಹಿಮವಿದ್ದರೆ ಕಿರಿದಾದ ಟೈರು ಅದನ್ನು ಸೀಳಿ ಕೆಳಗಿನ ನೆಲ ಮುಟ್ಟುತ್ತದೆ. ಒಂದೇ ಮೊಳೆ ಟೈರ್ ಕೊಳ್ಳಲು ಸಾಧ್ಯವಿದ್ದವರು ಅದನ್ನು ಮುಂದಿನ ಗಾಲಿಗೆ ಹಾಕಬೇಕೆಂಬ ಸಲಹೆ ಅಲ್ಲಿಯೂ ಇದೆ ಎಂದು ತಿಳಿದಾಗ ಸಿಂಧನೂರಿನ ಆ ಹಿರಿಯರ ಮಾತು ನನಗೆ ಇನ್ನಷ್ಟು ಗಟ್ಟಿಯಾಯಿತು. ನಮ್ಮ ಕೆಸರಿಗೆ ಮಾತ್ರ ಮೊಳೆ ಟೈರ್ ತರಿಸುವುದು ಬೇಡ. ಬರಿಯ ಡಾಂಬರಿನ ಮೇಲೆ ಲೋಹದ ಮೊಳೆ ರಬ್ಬರಿನಷ್ಟು ಹಿಡಿಯುವುದಿಲ್ಲ, ತಿರುವಿನಲ್ಲಿ ಜಾರುತ್ತದೆ, ಎರೆ ಮಣ್ಣಿನಲ್ಲಿ ಹೂತುಹೋಗುತ್ತದೆ.

ಹಿಂದಿನ ಗಾಲಿಯ ಟೈರನ್ನು ನಾನು ಜಾಲಿ ಮುಳ್ಳಿನ ಲೆಕ್ಕದಲ್ಲಿ ಆರಿಸಿದೆ. ಗರಸಿನ ರಸ್ತೆಯ ಬದಿಯಲ್ಲಿ ಜಾಲಿ ಕಡಿದು ಇದ್ದಿಲಿಗೋ ಉರುವಲಿಗೋ ಸಾಗಿಸಿದ ದಿನಗಳಲ್ಲಿ ಒಣ ಮುಳ್ಳು ದಾರಿಯುದ್ದಕ್ಕೂ ಬಿದ್ದಿರುತ್ತದೆ, ಮತ್ತು ಅದು ಹೆಚ್ಚಾಗಿ ನಾಟುವುದು ಭಾರ ಹೊತ್ತ ಹಿಂದಿನ ಗಾಲಿಗೆ. ಆದ್ದರಿಂದ ನಡುವೆ ರಬ್ಬರು ದಪ್ಪಗಿದ್ದು, ಅದರ ಕೆಳಗೆ ಪಂಕ್ಚರ್ ತಡೆಯುವ ಪಟ್ಟಿಯಿರುವ ಟೈರನ್ನು ಹಿಂದಕ್ಕೆ ಹಾಕಿಸಿದ್ದೇನೆ. ಬೆಲೆ ಸಾಮಾನ್ಯ ಟೈರಿನ ದುಪ್ಪಟ್ಟಿಗೂ ಹೆಚ್ಚು, ತೂಕವೂ ಹೆಚ್ಚು. ಬೆಳಗಿನ ಪ್ರಾರ್ಥನೆಗೆ ಸರಿಯಾಗಿ ಶಾಲೆ ಮುಟ್ಟಬೇಕಾದ ನನಗೆ ಎರಡೂ ಒಪ್ಪಿಗೆಯೇ. ಆದರೂ ಪಂಕ್ಚರ್ ಆದಾಗ ಟ್ಯೂಬಿಗೆ ಪ್ಯಾಚ್ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಜಾಲಿ ಮುಳ್ಳಿನ ತುದಿ ಮುರಿದು ರಬ್ಬರಿನೊಳಗೆ ಉಳಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಬೆರಳಾಡಿಸಿದರೆ ಬೆರಳಿಗೇ ಚುಚ್ಚುತ್ತದೆ. ನಾನು ಒಂದು ಚೂರು ಹತ್ತಿಯನ್ನು ಟೈರಿನ ಒಳಮೈಗೆ ತಾಗಿಸಿ ನಿಧಾನವಾಗಿ ಪೂರ್ತಿ ಒಂದು ಸುತ್ತು ಸವರುತ್ತೇನೆ. ಮುಳ್ಳಿನ ತುದಿಯಿದ್ದ ಕಡೆ ಹತ್ತಿಯ ಎಳೆ ಸಿಕ್ಕಿ ಎದ್ದು ನಿಲ್ಲುತ್ತದೆ. ಅಲ್ಲಿ ಟೈರನ್ನು ಹಿಮ್ಮುಖವಾಗಿ ಮಡಚಿದರೆ ಕಂದು ಬಣ್ಣದ ಚುಕ್ಕೆಯೊಂದು ಮೇಲೇಳುತ್ತದೆ. ಅದನ್ನು ಚಿಮುಟದಿಂದ ಎಳೆದು ತೆಗೆದ ಮೇಲೆಯೇ ಟ್ಯೂಬ್ ಒಳಗೆ ಸೇರಿಸಬೇಕು.

ಗಾಳಿಯ ಪ್ರಮಾಣಕ್ಕೆ ನಾನು ಅಳತೆ ಮುಳ್ಳಿರುವ ಪಂಪನ್ನೇ ಬಳಸುತ್ತೇನೆ. ಒಣ ದಿನಗಳಲ್ಲಿ ಮುಂದೆ 45, ಹಿಂದೆ 55 ಪಿಎಸ್‌ಐ; ಕೆಸರಿನ ದಿನಗಳಲ್ಲಿ ಮುಂದಿನದನ್ನು 40ರ ಆಸುಪಾಸಿಗೆ ಇಳಿಸುತ್ತೇನೆ. ಇದು ಸುಮಾರು 70 ಕಿಲೋ ತೂಕದ ನನ್ನ ಲೆಕ್ಕ. ಪ್ರತಿಯೊಬ್ಬರೂ ಟೈರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠ, ಗರಿಷ್ಠ ಮಿತಿಯೊಳಗೆ ತಮ್ಮ ತೂಕ ನೋಡಿ ನಿರ್ಧರಿಸಬೇಕು. ಬೇಸಿಗೆಯಲ್ಲಿ ಟೈರು ಸಿಡಿಯುತ್ತದೆಂದು ಹೆದರಿ ಅರ್ಧ ಗಾಳಿಯಲ್ಲೇ ಓಡಿಸುವವರು ನಮ್ಮೂರಲ್ಲಿ ಬಹಳ. 27 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ 45 ಡಿಗ್ರಿಗೆ ಬಿಸಿಯಾದರೂ ಒತ್ತಡ ಏರುವುದು ಸುಮಾರು 4 ಪಿಎಸ್‌ಐ ಮಾತ್ರ. ಗಾಳಿ ಕಡಿಮೆಯಾದ ಟೈರೇ ಗುಂಡಿಗೆ ಬಿದ್ದಾಗ ರಿಮ್ಮಿಗೆ ಬಡಿದು ಟ್ಯೂಬನ್ನು ಎರಡು ಕಡೆ ಕಚ್ಚಿ ಹಾಕುತ್ತದೆ.

ಟೈರನ್ನು ಜೋಡಿಸುವಾಗ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಗಾಲಿ ಮುಂದಕ್ಕೆ ಉರುಳುವ ದಿಕ್ಕನ್ನು ತೋರುವಂತಿರಬೇಕು. ಹಿಂದಿನ ಟೈರು ಸವೆದಾಗ ಅದನ್ನು ಯಾವ ಕಾರಣಕ್ಕೂ ಮುಂದಕ್ಕೆ ಹಾಕಿಸಬಾರದು. ಎರಡೂ ಗಾಲಿಗೆ ಒಂದೇ ಬಗೆಯ ಟೈರ್ ಇರುವವರು ಮುಂದಿನದನ್ನು ಬಿಚ್ಚಿ ಹಿಂದಕ್ಕೆ ಹಾಕಿಸಿ, ಹೊಸದನ್ನು ಮುಂದಿನ ಗಾಲಿಗೆ ಹಾಕಿಸಲಿ. ಇದಕ್ಕೆ ಎರಡು ಗಾಲಿಗಳನ್ನೂ ಬಿಚ್ಚಬೇಕಾಗುವುದರಿಂದ ರಿಪೇರಿಯವರು ಕೂಲಿ ಸ್ವಲ್ಪ ಹೆಚ್ಚು ಕೇಳುತ್ತಾರೆ, ಅದನ್ನು ಕೊಡಬೇಕು.