ಏಳರ ಲೆಕ್ಕದಲ್ಲಿ ಹದಿನಾಲ್ಕು ತಿಂಗಳು

ನಮ್ಮ ಬ್ಯಾಂಡ್ ಬಾಳಿದ್ದು ಹದಿನಾಲ್ಕು ತಿಂಗಳು. 2013ರ ಜೂನ್‌ನಲ್ಲಿ ಬನಶಂಕರಿಯ ಗೆಳೆಯನೊಬ್ಬನ ಮನೆಯ ಮಹಡಿ ಕೋಣೆಯಲ್ಲಿ ಶುರುವಾಯಿತು. ಕೊಟ್ಟದ್ದು ಮೂರೇ ಕಾರ್ಯಕ್ರಮ. ನಾನು ಡ್ರಮ್ಸ್. ನಾವು ಹಿಡಿದು ಕೂತಿದ್ದು ಇಂಗ್ಲೆಂಡಿನ ಯು.ಕೆ. ಎಂಬ ಬ್ಯಾಂಡಿನ ಸಂಗೀತವನ್ನು.

ಯು.ಕೆ. ಹುಟ್ಟಿದ್ದು 1977ರಲ್ಲಿ. ಕಿಂಗ್ ಕ್ರಿಮ್ಸನ್ ಎಂಬ ಬ್ಯಾಂಡಿನಲ್ಲಿ ಜೊತೆಗಿದ್ದ ಜಾನ್ ವೆಟ್ಟನ್ (ಬೇಸ್ ಗಿಟಾರ್, ಹಾಡು) ಮತ್ತು ಬಿಲ್ ಬ್ರೂಫೋರ್ಡ್ (ಡ್ರಮ್ಸ್), ಕೀಬೋರ್ಡ್ ಹಾಗೂ ಪಿಟೀಲು ಎರಡನ್ನೂ ನುಡಿಸುವ ಎಡ್ಡಿ ಜಾಬ್ಸನ್, ಗಿಟಾರಿಗೆ ಅಲನ್ ಹೋಲ್ಡ್ಸ್‌ವರ್ತ್. 1978ರಲ್ಲಿ ಮೊದಲ ಆಲ್ಬಮ್ ಬಂತು. ಅದೇ ವರ್ಷ ಮುಗಿಯುವಷ್ಟರಲ್ಲಿ ಬ್ರೂಫೋರ್ಡ್, ಹೋಲ್ಡ್ಸ್‌ವರ್ತ್ ಇಬ್ಬರೂ ಹೊರಗೆ. 1980ರಲ್ಲಿ ಬ್ಯಾಂಡೇ ಇಲ್ಲ. ಆ ಮೊದಲ ಆಲ್ಬಮ್ಮಿನಷ್ಟು ತುಂಬಿಕೊಂಡ ಸಂಗೀತವನ್ನು ಆ ಕಾಲದ ರಾಕ್‌ನಲ್ಲಿ ನಾನು ಹೆಚ್ಚು ಕೇಳಿಲ್ಲ.

ಅದರ ಮೊದಲ ಹಾಡು ಏಳು ಮಾತ್ರೆಯದು. ಚಿಕ್ಕಂದಿನಲ್ಲಿ ಆರು ವರ್ಷ ಮೃದಂಗ ಕಲಿತಿದ್ದೆ, ಹಾಗಾಗಿ ಏಳು ಎಂದರೆ ಕರ್ನಾಟಕ ಸಂಗೀತದ ಏಳು ಮಾತ್ರೆಯ ತಾಳವಾದ ಮಿಶ್ರಛಾಪು ಎಂದುಕೊಂಡು ‘ತಕಿಟ ತಕದಿಮಿ’ ಹೇಳುತ್ತಾ ಕೂತೆ. ಪ್ರತಿ ಸಲವೂ ಜಾರಿತು. ಛಾಪುವಿನಲ್ಲಿ ತೂಕ ಬೀಳುವ ಜಾಗ ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಕೀಬೋರ್ಡಿನ ಪೆಟ್ಟುಗಳು ನಾನು ಕಾಯುವ ಜಾಗ ಬಿಟ್ಟು ಸಂದಿಯಲ್ಲಿ ಬೀಳುತ್ತಿದ್ದವು. ಮೂರನೇ ವಾರ ಕೋಲು ಕೆಳಗಿಟ್ಟು ತ್ರಿಪುಟ ತಾಳ ಹಾಕತೊಡಗಿದೆ: ಒಂದು ತಟ್ಟು, ಎರಡು ಬೆರಳೆಣಿಕೆ, ಆಮೇಲೆ ತಟ್ಟು-ಹುಸಿ, ತಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲೆ ಮಾಡಿ ಬೀಸುವುದು). ಕೈ ತನ್ನ ಪಾಡಿಗೆ ಏಳನ್ನು ಕಾಯುತ್ತದೆ, ಕಿವಿ ಹಾಡಿನ ಜೊತೆ ಹೋಗಬಹುದು. ಐವರೂ ಚಾಪೆಯ ಮೇಲೆ ಕೂತು ವಾದ್ಯವಿಲ್ಲದೆ ಬರೀ ತಾಳ ಹಾಕಿ ಇಡೀ ಹಾಡು ಬಾಯಲ್ಲಿ ಹೇಳಿದೆವು. ಹತ್ತು ದಿನ ಅದೇ ಅಭ್ಯಾಸ. ಬೆಸ ಮಾತ್ರೆ ಕಲಿಯುವವರು ಯಾರೇ ಕೇಳಿದರೂ ನಾನು ಈಗಲೂ ಹೇಳುವುದು ಇದನ್ನೇ.

ಸ್ನೇರ್‌ನ, ಅಂದರೆ ಡ್ರಮ್ಸ್‌ನಲ್ಲಿ ಚುರುಕಾಗಿ ಸಿಡಿಯುವ ಚಿಕ್ಕ ಡ್ರಮ್ಮಿನ, ನಾದ ಬೇರೆ ಕಷ್ಟ. ನಾವೆಲ್ಲ ಸ್ನೇರ್ ಮೇಲೆ ಬಟ್ಟೆ ತುಂಡು ಅಂಟಿಸಿ ಮೊಳಗು ಅಡಗಿಸುತ್ತಿದ್ದೆವು. ಬ್ರೂಫೋರ್ಡರ ಸ್ನೇರ್ ಕಂಚಿನ ಪಾತ್ರೆಯ ಹಾಗೆ ಮೊಳಗುತ್ತದೆ. ಬಟ್ಟೆ ಕಿತ್ತೆ, ಚರ್ಮ ಬಿಗಿದೆ, ಕೋಲು ಅಂಚಿಗೂ ಚರ್ಮಕ್ಕೂ ಒಟ್ಟಿಗೆ ತಾಗುವಂತೆ ಹೊಡೆಯಲು ಕಲಿತೆ.

ನಮ್ಮ ಕೀಬೋರ್ಡಿನವನಿಗೆ ಪಿಟೀಲು ಬಾರದು. ಅವನ ತಂಗಿಗೆ ಬರುತ್ತಿತ್ತು, ಕರ್ನಾಟಕ ಶೈಲಿಯದು. ಅವಳ ತಂತಿಗಳ ಶ್ರುತಿ ಸ-ಪ-ಸ-ಪ, ಜಾಬ್ಸನ್‌ರದು ಪಾಶ್ಚಾತ್ಯ ಶ್ರುತಿ. ಅವರ ಬೆರಳು ಹೋದ ದಾರಿ ಇವಳಿಗೆ ನಡೆಯದು. ನಿಂತು ನುಡಿಸಿ ನೋಡಿದಳು. ಎಡಗೈಯೇ ವಾದ್ಯವನ್ನೂ ಹಿಡಿಯಬೇಕಾಗಿ ಬಂದು ಜಾರು, ಅಂದರೆ ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವುದು, ನಿಂತುಹೋಯಿತು. “ಅಣ್ಣಾ, ನಾನು ಕೂತೇ ನುಡಿಸ್ತೀನಿ” ಎಂದಳು. ಮೂರು ಕಾರ್ಯಕ್ರಮಗಳಲ್ಲೂ ವೇದಿಕೆ ಮೇಲೆ ಒಂದು ಮಣೆ, ಅದರ ಮೇಲೆ ಜಮಖಾನ, ಪಿಟೀಲಿನ ತುದಿ ಅವಳ ಬಲಗಾಲಿನ ಹರಡಿನ ಮೇಲೆ. ಶ್ರುತಿ ಬದಲಿಸದೆ ಪ್ರತಿ ಸಾಲಿಗೂ ತನ್ನದೇ ಬೆರಳ ದಾರಿ ಹುಡುಕಿದಳು. ನಮ್ಮ ಬ್ಯಾಂಡಿನಲ್ಲಿ ನಿಜಕ್ಕೂ ಹೊಸದಾಗಿದ್ದದ್ದು ಅವಳ ವಾದನ.

ಗಿಟಾರಿನವನು ಹೋಲ್ಡ್ಸ್‌ವರ್ತ್‌ರ ಸೋಲೋವನ್ನು (ಅವರ ಗಿಟಾರೇ ಮುಂದಾಗಿ ನುಡಿಯುವ ಭಾಗವನ್ನು) ಲ್ಯಾಪ್‌ಟಾಪಿನಲ್ಲಿ ಅರ್ಧ ವೇಗಕ್ಕೆ ಇಳಿಸಿ ಒಂದೂವರೆ ತಿಂಗಳು ಕೇಳಿ ಕಲಿತ. ಅದರಲ್ಲಿ ಸ್ವರಗಳು ಬಹುಪಾಲು ಎಡಗೈ ಬೆರಳಿನ ಒತ್ತಿನಿಂದಲೇ ಹುಟ್ಟುತ್ತವೆ, ಮೀಟು ಕಡಿಮೆ. ಊದುವ ವಾದ್ಯದ ಉಸಿರಿನಂತೆ ಕೇಳುತ್ತದೆ. ಮೊದಲ ಕಾರ್ಯಕ್ರಮದಲ್ಲಿ ಸ್ವರ ತಪ್ಪದೆ ನುಡಿಸಿದ. ಎರಡನೆಯದರಲ್ಲಿ ಎಂಟನೇ ಆವರ್ತಕ್ಕೆ ದಾರಿ ಬಿಟ್ಟು ತನ್ನದೇ ಎಳೆ ಹಿಡಿದ. ಕೀಬೋರ್ಡಿನವನಿಗೆ ಸಿಟ್ಟು ಬಂತು. ಒಳಗೆ ಬಂದ ಮೇಲೆ ಜಗಳ. “ನಿನ್ನೆ ನುಡಿಸಿದ್ದನ್ನೇ ಇವತ್ತೂ ನುಡಿಸೋದು ನನ್ನ ಕೈಲಾಗಲ್ಲ ಕಣೋ” ಎಂದ ಗಿಟಾರಿನವನು. ಯು.ಕೆ.ಯಲ್ಲೂ ಹೀಗೇ ಆಗಿತ್ತು: ರೆಕಾರ್ಡಿನಲ್ಲಿದ್ದಂತೆಯೇ ಪ್ರತಿ ರಾತ್ರಿ ನುಡಿಸುವುದು ಹೋಲ್ಡ್ಸ್‌ವರ್ತ್‌ಗೆ ಒಪ್ಪಿಗೆಯಿರಲಿಲ್ಲ. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಜಗಳವಾಡಿದೆವು. ಅವನ ಎಳೆ ಚೆನ್ನಾಗಿತ್ತು ಎಂದು ಆ ರಾತ್ರಿ ನಾನು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ.

ಅವನು ಬ್ಯಾಂಡ್ ಬಿಟ್ಟ. ಯು.ಕೆ. ಗಿಟಾರಿಲ್ಲದೆ ಟೆರ್ರಿ ಬೊಝಿಯೋರನ್ನು ಡ್ರಮ್ಸ್‌ಗೆ ಸೇರಿಸಿಕೊಂಡು ಮೂವರಾಗಿ 1979ರಲ್ಲಿ ಎರಡನೇ ಆಲ್ಬಮ್ ಮಾಡಿತ್ತು. ನಾವೂ ಗಿಟಾರಿಲ್ಲದೆ ಮೂರನೇ ಕಾರ್ಯಕ್ರಮ ಕೊಟ್ಟೆವು. ಸೋಲೋದ ಜಾಗವನ್ನು ತಂಗಿ ತುಂಬಿದಳು. ಆಗಸ್ಟ್‌ನಲ್ಲಿ ಬೇಸ್ ನುಡಿಸುವವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಕೋಣೆ ಖಾಲಿ ಮಾಡಿದೆವು.

2017ರ ಜನವರಿಯಲ್ಲಿ ವೆಟ್ಟನ್ ತೀರಿಕೊಂಡರು, ಏಪ್ರಿಲ್‌ನಲ್ಲಿ ಹೋಲ್ಡ್ಸ್‌ವರ್ತ್. ಆ ವಾರ ಗಿಟಾರಿನವನು ಫೋನ್ ಮಾಡಿದ. ಮೂರು ವರ್ಷದಲ್ಲಿ ಅದೇ ಮೊದಲು. ಎರಡನೇ ಕಾರ್ಯಕ್ರಮದ ರೆಕಾರ್ಡಿಂಗ್ ಇದೆಯಾ ಎಂದು ಕೇಳಿದ. ಇತ್ತು, ಕಳಿಸಿದೆ. ಅವನ ಎಳೆಯ ಬಗ್ಗೆ ಅಂದು ಹೇಳದೆ ಉಳಿದದ್ದನ್ನೂ ಅದರ ಜೊತೆಗೇ ಬರೆದೆ.