ಹಳೆಯ ರ‍್ಯಾಮ್ ಜೊತೆಗೆ ಹೊಸ ಕಿಟ್: ಕಂಪ್ಯೂಟರ್ ಆನ್ ಆದರೆ ಸಾಲದು

ದೊಡ್ಡಪ್ಪನ ಮಗ ಒಂದು ದಿನ ಫೋನ್ ಮಾಡಿ, "ಯಾವ ಜಿಪ್ ಫೈಲ್ ತೆರೆಯೋಕೆ ಹೋದ್ರೂ ಹಾಳಾಗಿದೆ ಅನ್ನುತ್ತೆ ಕಣೋ, ಹಾರ್ಡ್ ಡಿಸ್ಕ್ ಹೋಯ್ತು ಅನ್ಸುತ್ತೆ" ಅಂದ. ಅಷ್ಟರಲ್ಲಾಗಲೇ ಹೊಸ ಡಿಸ್ಕ್ ಹಾಕಿ, ವಿಂಡೋಸನ್ನು ಎರಡು ಸಲ ಇನ್‌ಸ್ಟಾಲ್ ಮಾಡಿ ಮುಗಿಸಿದ್ದ. ಈಚೆಗೆ ಬೇರೇನಾದರೂ ಬದಲಿಸಿದ್ದೆಯಾ ಎಂದು ಕೇಳಿದೆ. "ಎರಡು ತಿಂಗಳ ಹಿಂದೆ ಇನ್ನೊಂದು ಜೋಡಿ ರ‍್ಯಾಮ್ ಹಾಕಿದ್ದೆ ಅಷ್ಟೆ. ಅದು ಸರಿಯಾಗೇ ಇದೆ, ಆನ್ ಆಗ್ತಿದೆಯಲ್ಲ!"

ಈ "ಆನ್ ಆಗ್ತಿದೆಯಲ್ಲ" ಎಂಬ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ರ‍್ಯಾಮ್ ಕಡ್ಡಿಗಳನ್ನು ಸ್ಲಾಟಿಗೆ ಹಾಕುವುದು ಐದು ನಿಮಿಷದ ಕೆಲಸ. ಅವನ್ನು ಒಂದಕ್ಕೊಂದು ಹೊಂದಿಸಿ ಪರೀಕ್ಷಿಸಲು ಒಂದು ಇಡೀ ರಾತ್ರಿ ಬೇಕು. ಎಲ್ಲರೂ ಬಿಟ್ಟುಬಿಡುವುದು ಆ ರಾತ್ರಿಯನ್ನೇ.

1. ಕೊಳ್ಳುವ ಮುಂಚೆ

ಕಿಟ್ ಎಂದು ಒಟ್ಟಿಗೆ ಮಾರುವ ಕಡ್ಡಿಗಳನ್ನು, ಪ್ಯಾಕೆಟ್ ಮೇಲಿನ ವೇಗದಲ್ಲಿ ಒಟ್ಟಿಗೆ ನಡೆಯುತ್ತವೆ ಎಂದು ನೋಡಿಯೇ ಕಳಿಸಿರುತ್ತಾರೆ. ಆ ಭರವಸೆ ಒಂದು ಕಿಟ್ಟಿಗೆ ಮಾತ್ರ. ಅದೇ ಕಂಪನಿಯ, ಅದೇ ಮಾಡೆಲ್ ನಂಬರಿನ ಇನ್ನೊಂದು ಕಿಟ್ ತಂದರೂ ಒಳಗಿನ ಚಿಪ್ ಬೇರೆಯದಾಗಿರಬಹುದು. ಹಳೆಯದರಲ್ಲಿ ಸ್ಯಾಮ್ಸಂಗ್ ಚಿಪ್ ಇದ್ದು, ಹೊಸದರಲ್ಲಿ ಹೈನಿಕ್ಸ್ ಅಥವಾ ಮೈಕ್ರಾನ್ ಬಂದಿರುತ್ತದೆ. ಹೊರಗಿನ ಸ್ಟಿಕರ್ ಮಾತ್ರ ಒಂದೇ.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು 'ಎಸ್‌ಪಿಡಿ' ಪುಟ (ಕಡ್ಡಿ ತನ್ನೊಳಗೇ ಬರೆದಿಟ್ಟುಕೊಂಡ ತನ್ನ ವಿವರ) ತೆರೆಯಿರಿ. ವೇಗ, ವೋಲ್ಟೇಜ್, 16-18-18-36 ಎಂಬಂಥ ಟೈಮಿಂಗ್ ಅಂಕಿಗಳು (ಒಂದೊಂದು ಕೆಲಸಕ್ಕೆ ಎಷ್ಟು ಕಾಯಬೇಕೆಂಬ ಎಣಿಕೆ), ಸಿಂಗಲ್ ರ‍್ಯಾಂಕೋ ಡ್ಯುಯಲ್ ರ‍್ಯಾಂಕೋ (ಕಡ್ಡಿಯಲ್ಲಿ ಚಿಪ್‌ಗಳ ಗುಂಪು ಒಂದೋ ಎರಡೋ), ಇಷ್ಟನ್ನೂ ಕಾಗದದ ಮೇಲೆ ಬರೆದುಕೊಳ್ಳಿ. 3200 ಎಂದು ತಂದದ್ದು ಅಲ್ಲಿ 1600 ಎಂದು ಕಂಡರೆ ಗಾಬರಿ ಬೇಡ, ಎರಡರಿಂದ ಗುಣಿಸಿ. ರ‍್ಯಾಮಿನ ಎರಡು ಪೀಳಿಗೆಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ; ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಸರ್ವರಿನ 'ರಿಜಿಸ್ಟರ್ಡ್' ಕಡ್ಡಿಗಳನ್ನು ತರಬೇಡಿ, ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಅವು ಕೆಲಸ ಮಾಡುವುದಿಲ್ಲ. ದೀಪ ಮಾತ್ರ ಉರಿಯುವ, ಒಳಗೆ ಮೆಮೊರಿಯೇ ಇಲ್ಲದ ಅಲಂಕಾರದ ಕಡ್ಡಿಗಳನ್ನೂ ಮಾರುತ್ತಾರೆ, ಪ್ಯಾಕೆಟ್ ಓದಿ.

ನಿಮ್ಮದು ಡಿಡಿಆರ್5 ಆಗಿದ್ದರೆ ನನ್ನ ಸಲಹೆ ಒಂದೇ: ನಾಲ್ಕು ಕಡ್ಡಿ ಹಾಕುವ ಆಸೆ ಬಿಡಿ. ಇರುವುದನ್ನು ಮಾರಿ, ಬೇಕಾದಷ್ಟು ಸಾಮರ್ಥ್ಯದ ಎರಡೇ ಕಡ್ಡಿಯ ಕಿಟ್ ತನ್ನಿ. ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎಎಂಡಿ ಎರಡು ಕಡ್ಡಿಗೆ 5200 ವೇಗ ಹೇಳಿದ್ದರೆ, ನಾಲ್ಕಕ್ಕೆ ಹೇಳಿರುವುದು ಬರೀ 3600. ಮುಂದಿನ ಮಾತೆಲ್ಲ ಹೆಚ್ಚಾಗಿ ಡಿಡಿಆರ್4 ಇರುವವರಿಗೆ.

2. ಹೊಸ ಕಿಟ್ ಒಂದನ್ನೇ ಹಾಕಿ ನೋಡಿ

ಹಳೆಯದನ್ನು ತೆಗೆದಿಟ್ಟು, ಹೊಸ ಜೋಡಿಯೊಂದನ್ನೇ ಹಾಕಿ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ, ಓಡಿಸುವ ಬಗೆ 5ರಲ್ಲಿದೆ) ಓಡಿಸಿ. ಅಲ್ಲೇ ತಪ್ಪು ಬಂದರೆ ಅಂಗಡಿಗೆ ವಾಪಸ್ ಕೊಡಿ. ಈ ಹಂತವನ್ನು ಮಾಡದೆ ಬಿಟ್ಟರೆ, ಆಮೇಲೆ ದೋಷ ಕಡ್ಡಿಯದೋ ಜೋಡಣೆಯದೋ ತಿಳಿಯದೆ ಪರದಾಡುತ್ತೀರಿ.

3. ನಾಲ್ಕನ್ನೂ ಕೂರಿಸುವುದು

ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕಡ್ಡಿ ಹಿಡಿಯಿರಿ. ಒಂದು ಕಿಟ್ಟಿನ ಎರಡೂ ಕಡ್ಡಿಗಳು ಎ2, ಬಿ2 ಸ್ಲಾಟ್‌ಗಳಿಗೆ (ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು), ಇನ್ನೊಂದು ಕಿಟ್ಟಿನವು ಎ1, ಬಿ1ಗೆ. ಹೀಗೆ ಹಾಕಿದರೆ ಕಿಟ್‌ಗಳ ಸಾಮರ್ಥ್ಯ ಬೇರೆಬೇರೆ ಇದ್ದರೂ ಎ, ಬಿ ಎರಡೂ ಚಾನೆಲ್‌ಗಳಲ್ಲಿ (ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ದಾರಿಗಳು) ತೂಕ ಸಮವಾಗಿರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಕೊಂಡಿ ಒಂದೇ ತುದಿಗೆ ಇರುತ್ತದೆ. ಆ ತುದಿ 'ಟಕ್' ಎಂದರೂ ಕೊಂಡಿಯಿಲ್ಲದ ತುದಿ ಒಂದು ಕೂದಲೆಳೆಯಷ್ಟು ಮೇಲೆದ್ದಿರಬಹುದು. ಟಾರ್ಚ್ ಹಿಡಿದು ಚಿನ್ನದ ಬಣ್ಣದ ಅಂಚು ಎರಡೂ ಕಡೆ ಒಂದೇ ಸಮ ಕಾಣುತ್ತದೆಯೇ ನೋಡಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತದೆ. ಬೋರ್ಡ್ ಆಗ ಕಡ್ಡಿಗಳ ಅಳತೆ ನೋಡುತ್ತಿರುತ್ತದೆ. ಡಿಡಿಆರ್5 ಆದರೆ ಹಲವು ನಿಮಿಷವೇ ಹಿಡಿಯಬಹುದು. ಸತ್ತುಹೋಯಿತೆಂದು ಪವರ್ ಬಟನ್ ಒತ್ತಬೇಡಿ.

4. ಎಡವುವುದು ಇಲ್ಲೇ

ಬಯೋಸಿಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಹೋದ ಕೂಡಲೇ ಎಲ್ಲರ ಕೈಯೂ ಎಕ್ಸ್‌ಎಂಪಿ (ಕಿಟ್ ಮಾಡಿದವರೇ ಕಡ್ಡಿಯಲ್ಲಿ ಬರೆದಿಟ್ಟ ಸೆಟ್ಟಿಂಗ್) ಗುಂಡಿಗೆ ಹೋಗುತ್ತದೆ. ಒಂದು ಕಿಟ್ಟಿಗೆಂದು ಬರೆದ ಆ ಪ್ರೊಫೈಲನ್ನು ಬೋರ್ಡ್ ನಾಲ್ಕೂ ಕಡ್ಡಿಗಳಿಗೆ ಹೇರುತ್ತದೆ. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ನಾಲ್ವರಿಗೆ ತೊಡಿಸಿದಂತೆ. ಎಕ್ಸ್‌ಎಂಪಿ ಆಫ್ ಮಾಡಿ, ಅಂಕಿಗಳನ್ನು ಕೈಯಾರೆ ತುಂಬಿ.

ಟೈಮಿಂಗ್ ಅಂಕಿ ಎಂದರೆ ಸಮಯವಲ್ಲ, ಗಡಿಯಾರದ ಬಡಿತಗಳ ಎಣಿಕೆ. ಅದನ್ನು ಸಮಯಕ್ಕೆ ತರಲು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ, ಬರುವುದು ನ್ಯಾನೊಸೆಕೆಂಡ್. ಹಳೆಯ ಕಿಟ್ 3000 ವೇಗ, ಮೊದಲ ಅಂಕಿ 15. ಹೊಸದು 3200, ಮೊದಲ ಅಂಕಿ 16. ಎರಡಕ್ಕೂ ಬೇಕಿರುವುದು 10 ನ್ಯಾನೊಸೆಕೆಂಡೇ. ಈಗ ಯಾರೋ ಜಾಣರು ವೇಗ ಹೊಸದರಿಂದ, ಅಂಕಿ ಹಳೆಯದರಿಂದ ತೆಗೆದುಕೊಂಡು 3200ಕ್ಕೆ 15 ಇಟ್ಟರೆನ್ನಿ, ಸಿಗುವ ಸಮಯ 9.4ಕ್ಕಿಂತ ಕಡಿಮೆ, ಎರಡು ಕಿಟ್‌ಗಳೂ ಅದಕ್ಕೆ ಬದ್ಧವಲ್ಲ. ನಾನಾದರೆ ನಿಧಾನದ ವೇಗ, ದೊಡ್ಡ ಅಂಕಿ ಹಿಡಿಯುತ್ತೇನೆ: 3000ಕ್ಕೆ 16. ಉಳಿದ ಮೂರು ಅಂಕಿಗಳಿಗೂ ಇದೇ ನಿಯಮ, ಎರಡರಲ್ಲಿ ದೊಡ್ಡದು. ಕಳೆದುಕೊಳ್ಳುವ ವೇಗ ದಿನದ ಕೆಲಸದಲ್ಲಿ ನಿಮ್ಮ ಗಮನಕ್ಕೇ ಬರುವುದಿಲ್ಲ.

ವೋಲ್ಟೇಜ್ ಎರಡು ಕಿಟ್‌ಗಳಲ್ಲಿ ಹೆಚ್ಚಿನದು ಇರಲಿ. ಡಿಡಿಆರ್4ನ ಎಕ್ಸ್‌ಎಂಪಿ ಕಿಟ್‌ಗಳಲ್ಲಿ ಬಹುಪಾಲು ಅದು 1.35. ಕಮಾಂಡ್ ರೇಟ್ (ಕಡ್ಡಿಗೆ ಆಜ್ಞೆ ಕೊಡಲು ಹಿಡಿಯುವ ಬಡಿತಗಳು) 1ಟಿ ಇದ್ದರೆ 2ಟಿ ಮಾಡಿ, ನಾಲ್ಕು ಕಡ್ಡಿಗಳ ಹೊರೆಗೆ ಆ ಒಂದು ಬಡಿತದ ಬಿಡುವು ದೊಡ್ಡ ಉಪಕಾರ. ಆಮೇಲೂ ತಪ್ಪು ಬಂದರೆ ವೇಗವನ್ನು ಒಂದು ಮೆಟ್ಟಿಲು ಇಳಿಸಿ. ವೋಲ್ಟೇಜ್ ಏರಿಸುತ್ತಾ ಹೋಗಬೇಡಿ. ಪ್ರೊಸೆಸರ್ ಒಳಗಿನ ಮೆಮೊರಿ ಭಾಗದ ವೋಲ್ಟೇಜನ್ನು 'ಆಟೋ'ಗೆ ಬಿಟ್ಟರೆ ಕೆಲವು ಬೋರ್ಡ್‌ಗಳು ಸದ್ದಿಲ್ಲದೆ ಏರಿಸಿಬಿಡುತ್ತವೆ. ರೈಜೆನ್ 7000ದಲ್ಲಿ ಪ್ರೊಸೆಸರ್‌ಗಳು ಸುಟ್ಟ ಮೇಲೆ 2023ರಲ್ಲಿ ಎಎಂಡಿಯೇ ಇದಕ್ಕೆ 1.3 ವೋಲ್ಟಿನ ಮಿತಿ ಹಾಕಬೇಕಾಯಿತು.

5. ಆ ಒಂದು ರಾತ್ರಿ

ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ಮಲಗಿ. ಕಡಿಮೆಯೆಂದರೆ ನಾಲ್ಕು ಸುತ್ತು ಮುಗಿಯಬೇಕು. ಬೆಳಿಗ್ಗೆ ತಪ್ಪುಗಳ ಎಣಿಕೆ ಸೊನ್ನೆಯೇ ಇರಬೇಕು. "32 ಜಿಬಿಯಲ್ಲಿ ಒಂದೇ ತಪ್ಪು ತಾನೇ" ಎನ್ನುವವರಿದ್ದಾರೆ. ಆ ಒಂದು ಎಲ್ಲಿ ಬಿದ್ದೀತು ಎಂದು ಯಾರು ಬಲ್ಲರು? ವಿಂಡೋಸ್ ಜೊತೆಗೇ ಬರುವ ಮೆಮೊರಿ ಪರೀಕ್ಷೆ ನನಗೆ ಸಮಾಧಾನವಿಲ್ಲ. ಅದು ಪಾಸು ಮಾಡಿದ ಜೋಡಣೆಗಳು ಮೆಮ್‌ಟೆಸ್ಟಿನಲ್ಲಿ ಫೇಲಾದದ್ದನ್ನು ಕಂಡಿದ್ದೇನೆ.

ಮರುದಿನ ವಿಂಡೋಸಿನಲ್ಲಿ ಓಸಿಸಿಟಿ ಅಥವಾ ವೈ-ಕ್ರಂಚರ್ ಎಂಬ, ಕಂಪ್ಯೂಟರಿಗೆ ಭಾರಿ ಕೆಲಸ ಹೇರಿ ಪರೀಕ್ಷಿಸುವ ತಂತ್ರಾಂಶವನ್ನು ಒಂದು ಗಂಟೆ ಓಡಿಸಿ. ಒತ್ತೊತ್ತಾಗಿ ನಿಂತ ನಾಲ್ಕು ಕಡ್ಡಿಗಳ ನಡುವೆ ಗಾಳಿ ಆಡುವುದು ಕಷ್ಟ, ಬಿಸಿಯಾದ ಮೇಲೆ ಮಾತ್ರ ಕಾಣುವ ತಪ್ಪುಗಳಿವೆ. ಕಡೆಗೊಮ್ಮೆ ಪವರ್ ಕಿತ್ತು ರಾತ್ರಿಯಿಡೀ ಬಿಟ್ಟು, ತಣ್ಣಗಿದ್ದಾಗ ಆನ್ ಮಾಡಿ ನೋಡಿ. ವೇಗವನ್ನು 2133ಕ್ಕೆ ಇಳಿಸಿದ ಮೇಲೂ ತಪ್ಪು ಬರುತ್ತಿದ್ದರೆ ಸೆಟ್ಟಿಂಗ್ ತಿದ್ದುವುದು ನಿಲ್ಲಿಸಿ. ಒಂದೊಂದೇ ಕಡ್ಡಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ಕಳ್ಳನನ್ನು ಹುಡುಕಿ.

6. ಹಿಂದಿನ ಫೈಲ್‌ಗಳು

ರ‍್ಯಾಮ್ ಸರಿಯಿಲ್ಲದ ದಿನಗಳಲ್ಲಿ ಕಾಪಿ ಮಾಡಿದ, ಸೇವ್ ಮಾಡಿದ ಯಾವುದನ್ನೂ ನಂಬಬೇಡಿ. ತೆರೆದು ನೋಡಿ, ಮೂಲ ಇದ್ದರೆ ಮತ್ತೆ ಕಾಪಿ ಮಾಡಿ.

ದೊಡ್ಡಪ್ಪನ ಮಗನ ಕಂಪ್ಯೂಟರ್ 2933 ವೇಗ, 2ಟಿಗೆ ಬಂದು ನಿಂತಿತು. ನಾಲ್ಕು ಸುತ್ತು, ಸೊನ್ನೆ ತಪ್ಪು. ಜಿಪ್ ಫೈಲ್‌ಗಳನ್ನು ಹೊಸದಾಗಿ ಇಳಿಸಿಕೊಂಡ, ಎಲ್ಲವೂ ತೆರೆದವು. ಆ ಎರಡು ತಿಂಗಳಲ್ಲಿ ಕ್ಯಾಮೆರಾದಿಂದ ಕಾಪಿ ಮಾಡಿದ್ದ ಫೋಟೊಗಳಲ್ಲಿ ಹನ್ನೊಂದಕ್ಕೆ ಮಾತ್ರ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಕ್ಯಾಮೆರಾದ ಕಾರ್ಡನ್ನು ಅವನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಿಬಿಟ್ಟಿದ್ದ.