ಮಾತ್ರೆ ಸ್ಟ್ರಿಪ್ಪಿನಲ್ಲಿ ಎರಡು ಗುಂಪು: ನಾನು ಮಾಡಿದ ರೀತಿ

ಆವರ್ತ ಕೋಷ್ಟಕದ ಗುಂಪಿನಲ್ಲಿ ಕೆಳಗಿಳಿದಂತೆ ಧಾತುಗಳ ಗುಣ ಹೇಗೆ ಬದಲಾಗುತ್ತದೆ ಎಂಬುದನ್ನು ಫ್ಯೂಮ್ ಹುಡ್ (ಕೆಟ್ಟ ಗಾಳಿ ಹೊರಗೆಳೆಯುವ ಗೂಡು) ಇಲ್ಲದ ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳ ಕೈಯಲ್ಲೇ ಮಾಡಿಸಬಹುದು ಎಂದಾಗ ನಮ್ಮ ವಿಜ್ಞಾನ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಕ್ಕವರೇ ಹೆಚ್ಚು. "ವಿಡಿಯೊ ಇದೆಯಲ್ಲ ಸಾರ್, ಹಾಕಿ ತೋರಿಸಿಬಿಡಿ" ಎಂದರು. ಇನ್ನೊಬ್ಬರು, "ಎನ್‌ಸಿಇಆರ್‌ಟಿಯವರೇ ಹತ್ತನೇ ತರಗತಿ ಪುಸ್ತಕದಿಂದ ಆ ಅಧ್ಯಾಯ ಕಿತ್ತುಹಾಕಿದ್ದಾರೆ, ನಿಮಗ್ಯಾಕೆ ಉಸಾಬರಿ?" ಎಂದರು. ಈಗ ಆ ನಕ್ಕವರಲ್ಲೇ ಇಬ್ಬರು ಫೋನ್ ಮಾಡಿ ಪ್ರಮಾಣ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅಂತ ಕೂತೆ.

1ನೇ ಗುಂಪನ್ನು ನಾನು ಮುಟ್ಟುವುದಿಲ್ಲ. ಸೋಡಿಯಂ ತುಂಡು ನೀರಿಗೆ ಹಾಕಿ ಢಂ ಅನ್ನಿಸಿದರೆ ಮಕ್ಕಳಿಗೆ ನೆನಪಿರುವುದು ಢಂ ಮಾತ್ರ, ಕ್ರಮ ಅಲ್ಲ. ಅದಕ್ಕೆ ವಿಡಿಯೊ ಸಾಕು. ನಾನು ಹಿಡಿದದ್ದು 1829ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಡೋಬರೈನರ್ ಹಿಡಿದ ತ್ರಿವಳಿಗಳನ್ನೇ, ಅಂದರೆ ಗುಣ ಹೋಲುವ ಮೂರು ಮೂರು ಧಾತುಗಳ ಗುಂಪುಗಳನ್ನೇ: ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದು, ಕ್ಯಾಲ್ಸಿಯಂ, ಸ್ಟ್ರಾಂಷಿಯಂ, ಬೇರಿಯಂ ಇನ್ನೊಂದು. ಮೊದಲು ಪರಮಾಣು ತೂಕದ ಲೆಕ್ಕ ಮಾಡಿಸುತ್ತೇನೆ. 35.5 ಮತ್ತು 127ರ ಸರಾಸರಿ 81ರ ಹತ್ತಿರ, ಬ್ರೋಮಿನ್ 80. 40 ಮತ್ತು 137ರ ಸರಾಸರಿ ಎಂಬತ್ತೆಂಟೂವರೆ, ಸ್ಟ್ರಾಂಷಿಯಂ 88ರ ಆಸುಪಾಸು. ಲೆಕ್ಕದಲ್ಲಿ ನಡುವೆ ಕೂರುವ ಧಾತು ಗುಣದಲ್ಲೂ ನಡುವೆ ಕೂರುತ್ತದೆಯೇ ಎಂದು ಕೇಳಿ ಸುಮ್ಮನಾಗಿಬಿಡಬೇಕು.

ಹ್ಯಾಲೊಜೆನ್ (ಕ್ಲೋರಿನ್ ಗುಂಪಿನ ಧಾತು) ಸ್ಥಾನಪಲ್ಲಟ ಎಲ್ಲರಿಗೂ ಗೊತ್ತಿರುವುದೇ. ಮೇಲಿನದು ಕೆಳಗಿನದನ್ನು ಅದರ ಲವಣದಿಂದ ಓಡಿಸುತ್ತದೆ, ಕೆಳಗಿನದು ಮೇಲಿನದನ್ನು ಓಡಿಸಲಾರದು. ಹೊರಬಿದ್ದದ್ದು ಬಣ್ಣದಿಂದ ಗೊತ್ತಾಗುತ್ತದೆ: ಬ್ರೋಮಿನ್ ಹಳದಿ, ಅಯೋಡಿನ್ ಕಂದು. ತೊಂದರೆ ಇರುವುದು ಮಾಡಿ ತೋರಿಸುವುದರಲ್ಲಿ. ಟೆಸ್ಟ್‌ಟ್ಯೂಬಿನಲ್ಲಿ ಮಾಡಿದರೆ ವಾಸನೆಗೆ ಪಕ್ಕದ ತರಗತಿಯವರು ಎದ್ದು ಬರುತ್ತಾರೆ, ಪೊಟ್ಯಾಸಿಯಂ ಅಯೊಡೈಡ್ ಒಂದೇ ಬ್ಯಾಚಿಗೆ ಖಾಲಿಯಾಗುತ್ತದೆ. ಹಾಗಾಗಿ ಹನಿ ಲೆಕ್ಕಕ್ಕೆ ಇಳಿದೆ. ಖಾಲಿ ಮಾತ್ರೆ ಸ್ಟ್ರಿಪ್ಪು ತೆಗೆದುಕೊಂಡು ಹಿಂದಿನ ಹಾಳೆಯನ್ನು ಪೂರ್ತಿ ಕಿತ್ತು, ಪ್ಲಾಸ್ಟಿಕ್ ಗುಳಿಗಳನ್ನು ಬಿಳಿ ಕಾಗದದ ಮೇಲೆ ಇಡುವುದು. ಒಂದು ಗುಳಿಯಲ್ಲಿ ಬ್ರೋಮೈಡ್ ದ್ರಾವಣ, ಇನ್ನೊಂದರಲ್ಲಿ ಅಯೊಡೈಡ್; ಗುಳಿಗೆ ಮೂರ್ನಾಲ್ಕು ಹನಿ ಸಾಕು. ದೊಡ್ಡ ಕ್ಯಾಪ್ಸೂಲಿನ ಸ್ಟ್ರಿಪ್ಪು ಸಿಕ್ಕರೆ ಇನ್ನೂ ಒಳ್ಳೆಯದು.

ಕ್ಲೋರಿನ್‌ಗೆ ಬ್ಲೀಚಿಂಗ್ ಪೌಡರ್ ಸೋಸಿದ ತಿಳಿನೀರು. ನೀರಿನ ಟ್ಯಾಂಕಿಗೆ ಹಾಕಿ ಉಳಿದ ಹಳೇ ಪುಡಿ ಯಾರಾದರೂ ಪುಕ್ಕಟೆ ಕೊಟ್ಟರೆ ತರಬೇಡಿ. ಹೊಸ ಪುಡಿಯಲ್ಲಿ ಶೇಕಡಾ 30ರ ಮೇಲೆ ಕ್ಲೋರಿನ್ ಇದ್ದರೆ, ಬಾಯಿ ತೆರೆದಿಟ್ಟ ಚೀಲದಲ್ಲಿ ಬರೀ ಸುಣ್ಣ ಉಳಿದಿರುತ್ತದೆ. ಪುಕ್ಕಟೆ ಪುಡಿಯಲ್ಲಿ ನನಗೆ ಒಂದು ವಾರ ಯಾವ ಬಣ್ಣವೂ ಬರಲಿಲ್ಲ.

ಬ್ಲೀಚಿಂಗ್ ನೀರಿಗೆ ಸ್ವಲ್ಪ ಆಮ್ಲ ಬೇಕು, ಕ್ಷಾರದಲ್ಲಿ ಅಯೋಡಿನ್ ನಿಲ್ಲುವುದಿಲ್ಲ. ಕೈಗೆ ಸಿಗುವ ಆಮ್ಲ ನಿಂಬೆಹಣ್ಣು ಎಂದು ಹಿಂಡಿದೆ. ಕಂದು ಮಿಂಚಿದ ಹಾಗೆ ಬಂದು ಮಾಯ. ನಿಂಬೆಯಲ್ಲಿರುವ ಸಿ ವಿಟಮಿನ್ ಅಯೋಡಿನ್ನನ್ನು ನುಂಗಿಹಾಕುತ್ತದೆ. ಆಮೇಲೆ ವಿನೆಗರ್‌ಗೆ ಬಂದೆ, ಇಪ್ಪತ್ತೈದೋ ಮೂವತ್ತೋ ರೂಪಾಯಿ ಬಾಟಲಿ, ವರ್ಷಕ್ಕೆ ಸಾಕು. ಟಾಯ್ಲೆಟ್ ಆಸಿಡ್ಡನ್ನು ಮಾತ್ರ ಬ್ಲೀಚಿಂಗ್ ಪೌಡರ್ ಇರುವ ಕೋಣೆಯೊಳಕ್ಕೇ ಬಿಡಬೇಡಿ, ಅದರಲ್ಲಿ ಬುಸ್ಸನೆ ಏಳುವ ಕ್ಲೋರಿನ್ ಆಟವಲ್ಲ. ಕಿಟಕಿ ತೆರೆದಿರಲಿ. ಕೊನೆಯಲ್ಲಿ ಗುಳಿಗಳನ್ನು ತೊಳೆಯಲು ಸಿ ವಿಟಮಿನ್ ಮಾತ್ರೆ ಕರಗಿಸಿದ ನೀರು ಹಾಕಿ, ಬಣ್ಣವೆಲ್ಲ ಇಳಿದುಹೋಗುತ್ತದೆ.

ಇನ್ನೊಂದು ಕಾಟ: ಬ್ಲೀಚಿಂಗ್ ನೀರು ಹೆಚ್ಚಾದರೂ ಬಣ್ಣ ಹೋಗುತ್ತದೆ. ಅಯೋಡಿನ್ ಅಲ್ಲಿಗೆ ನಿಲ್ಲದೆ ಬಣ್ಣವಿಲ್ಲದ ಅಯೊಡೇಟ್‌ವರೆಗೆ ಹೋಗಿಬಿಡುತ್ತದೆ. ಹುಡುಗರು ‘ಇನ್ನೊಂದು ಹನಿ, ಇನ್ನೊಂದು ಹನಿ’ ಅಂತ ಬಿಡುತ್ತಾರೆ, ಆಮೇಲೆ ‘ಸಾರ್, ಬಂದಿತ್ತು, ಹೋಯ್ತು’ ಅನ್ನುತ್ತಾರೆ. ಬ್ಲೀಚಿಂಗ್ ನೀರಿನ ಒಂದು ಹನಿಗೆ ಎಷ್ಟು ಅಯೊಡೈಡ್ ಹನಿ ಎಂಬ ಪ್ರಮಾಣ ನಿಮ್ಮ ಪುಡಿಯ ಮೇಲೆ ನಿಂತಿದೆ, ಹಿಂದಿನ ದಿನ ನೀವೇ ನೋಡಿಕೊಳ್ಳಬೇಕು.

ಅಸಲಿ ಆಕ್ಷೇಪ ಬಂದದ್ದು ಡಿಗ್ರಿ ಕಾಲೇಜಿನ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರಿಂದ. "ಬ್ರೋಮೈಡ್ ಗುಳಿ ಹಳದಿಯಾಯಿತು, ಸರಿ. ಅದಕ್ಕೆ ಅಯೊಡೈಡ್ ಹಾಕಿದರೆ ಕಂದಾಯಿತು, ಅದೂ ಸರಿ. ಆದರೆ ಅಯೋಡಿನ್ನನ್ನು ಓಡಿಸಿದ್ದು ಬ್ರೋಮಿನ್ನೇ ಅಂತ ಹೇಗೆ ಹೇಳುತ್ತೀರಿ? ಉಳಿದ ಕ್ಲೋರಿನ್ ಯಾಕಲ್ಲ?" ನ್ಯಾಯವಾದ ಪ್ರಶ್ನೆ. ಹೆಚ್ಚಿನ ಕಡೆ ಈ ಪ್ರಯೋಗ ಮಾಡುವವರು ಇದಕ್ಕೆ ಉತ್ತರ ಇಟ್ಟುಕೊಂಡಿರುವುದಿಲ್ಲ.

ಬ್ರೋಮಿನ್ನನ್ನು ಎಣ್ಣೆಯಂಥ ಪದರಕ್ಕೆ ಎತ್ತಿ, ಬೇರೆ ಕಡೆ ಒಯ್ದು, ಹೊಸ ಅಯೊಡೈಡಿಗೆ ಹಾಕಿದರೆ ಉತ್ತರ ಸಿಗುತ್ತದೆ. ಯಾವ ಎಣ್ಣೆ? ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಅದರಲ್ಲಿ ಅಯೋಡಿನ್ ಕೊಡುವ ನೇರಳೆ ಹುಡುಕುವುದು ಹೇಗೆ? ಪೆಟ್ರೋಲಿಗೂ ಬಣ್ಣ, ಮೇಲೆ ಬೆಂಕಿಯ ಭಯ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಬ್ರೋಮಿನ್ನನ್ನೂ ತಿನ್ನುತ್ತದೆ. ಕೊನೆಗೆ ದಕ್ಕಿದ್ದು ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್. ಬಣ್ಣವಿಲ್ಲ, ವಾಸನೆಯಿಲ್ಲ, ಯಾವ ಮೆಡಿಕಲ್ ಸ್ಟೋರಿನಲ್ಲೂ ಕೇಳಬಹುದು. ಖಾಲಿ ಇಂಜೆಕ್ಷನ್ ವಯಲ್‌ನಲ್ಲಿ ಬ್ರೋಮೈಡ್ ಧಾರಾಳ, ಬ್ಲೀಚಿಂಗ್ ನೀರು ಕಡಿಮೆ, ಒಂದೆರಡು ಹನಿ ವಿನೆಗರ್, ಮೇಲೆ ಪ್ಯಾರಾಫಿನ್. ಬ್ರೋಮೈಡ್ ಹೆಚ್ಚಿದ್ದರೆ ಕ್ಲೋರಿನ್ ಉಳಿಯುವ ಮಾತೇ ಇಲ್ಲ. ಚೆನ್ನಾಗಿ ಅಲುಗಾಡಿಸಿ ಬಿಟ್ಟರೆ ಮೇಲಿನ ಪದರ ಕಿತ್ತಳೆಯಾಗುತ್ತದೆ. ಅದನ್ನು ಹೀರಿ ಇನ್ನೊಂದು ವಯಲ್‌ಗೆ ಹಾಕಿ ಒಮ್ಮೆ ನೀರಿನಲ್ಲಿ ತೊಳೆದು, ಅಯೊಡೈಡ್ ದ್ರಾವಣದ ಮೇಲೆ ಬಿಟ್ಟು ಅಲುಗಾಡಿಸಿದರೆ ಅದೇ ಪದರ ಕಿತ್ತಳೆಯಿಂದ ನೇರಳೆಗೆ ತಿರುಗುತ್ತದೆ. ಆ ಮೇಷ್ಟ್ರು ಕನ್ನಡಕ ತೆಗೆದು ನೋಡಿ "ಇದನ್ನು ನಮ್ಮ ಬಿಎಸ್ಸಿಯವರಿಗೂ ತೋರಿಸಬೇಕಲ್ರೀ" ಎಂದರು. ಪ್ಯಾರಾಫಿನ್ ಮಂದ, ಬೇಗ ಬೇರೆಯಾಗದೆ ಮಜ್ಜಿಗೆಯಂತೆ ನಿಂತುಬಿಡುತ್ತದೆ. ಅದನ್ನು ಅರ್ಧ ನಿಮಿಷದಲ್ಲಿ ಒಡೆಯುವ ಒಂದು ಉಪಾಯ ನನ್ನ ಹತ್ತಿರ ಇದೆ, ಇಲ್ಲಿ ಬರೆಯುವುದಿಲ್ಲ. ನಮ್ಮ ಮಕ್ಕಳು ಅದನ್ನು ವಿಜ್ಞಾನ ಮೇಳಕ್ಕೆ ಒಯ್ಯುವವರಿದ್ದಾರೆ.

ಕೆಳಗಿನದು ಮೇಲಿನದನ್ನು ಓಡಿಸಲಾರದು ಎಂಬುದಕ್ಕೆ ಟಿಂಕ್ಚರ್ ಅಯೋಡಿನ್ ಸಾಕು: ಬ್ರೋಮೈಡಿಗೂ ಉಪ್ಪುನೀರಿಗೂ ಹಾಕಿ, ಪ್ಯಾರಾಫಿನ್ ಬಿಟ್ಟರೆ ಎರಡರಲ್ಲೂ ಹಾಕಿದ ಅಯೋಡಿನ್ನಿನ ನೇರಳೆಯೇ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಬೇಡ, ಅಲ್ಲಿ ಅಯೋಡಿನ್ ಪಾಲಿಮರಿಗೆ ಅಂಟಿಕೊಂಡಿರುತ್ತದೆ.

ಕೊಬ್ಬರಿ ಎಣ್ಣೆ ಬ್ರೋಮಿನ್ ತಿಂದದ್ದು ತಲೆಯಲ್ಲಿ ಉಳಿದಿತ್ತು. ನಮ್ಮದು ಚಳ್ಳಕೆರೆ ಕಡೆ, ಎಣ್ಣೆ ಮಿಲ್ಲುಗಳ ಊರು. ಕಿತ್ತಳೆ ಪ್ಯಾರಾಫಿನ್ನನ್ನು ಸಮವಾಗಿ ಹಂಚಿ, ಒಂದೊಂದಕ್ಕೂ ಒಂದೊಂದು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟೆವು. ಶೇಂಗಾ ಎಣ್ಣೆ ಒಂದೆರಡು ಹನಿಗೇ ಬಣ್ಣ ಕಳೆದರೆ ಕೊಬ್ಬರಿ ಎಣ್ಣೆಗೆ ಅದರ ಹಲವು ಪಟ್ಟು ಬೇಕಾಯಿತು. ಎಣ್ಣೆಯವರು ಹೇಳುವ ಅಯೋಡಿನ್ ಮೌಲ್ಯ (ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಲೆಕ್ಕ) ಕೊಬ್ಬರಿಗೆ ಹತ್ತರ ಒಳಗೆ, ಶೇಂಗಾಗೆ ತೊಂಬತ್ತರ ಆಚೀಚೆ. ನಮ್ಮ ಹನಿ ಲೆಕ್ಕ ಆ ದಿಕ್ಕಿಗೇ ಬಂತು. ಬ್ರೋಮಿನ್ ಪ್ಯಾರಾಫಿನ್ನನ್ನು ಬಿಸಿಲಿಗಿಟ್ಟರೂ ಬಣ್ಣ ಇಳಿಯುತ್ತದೆ, ಅದಕ್ಕೆ ಈ ಎಣ್ಣೆ ಪಂದ್ಯವನ್ನು ನೆರಳಿನಲ್ಲೇ ಮಾಡಬೇಕು.

ಮೆಗ್ನೀಸಿಯಂ, ಕ್ಯಾಲ್ಸಿಯಂ, ಸ್ಟ್ರಾಂಷಿಯಂ, ಬೇರಿಯಂ ಇರುವ 2ನೇ ಗುಂಪಿಗೆ ಅಂಗಡಿ ಬೇರೆ: ಗೊಬ್ಬರದ ಅಂಗಡಿ. ಮೆಗ್ನೀಸಿಯಂ ಸಲ್ಫೇಟ್, ಡ್ರಿಪ್ಪಿಗೆ ಬಿಡುವ ಕ್ಯಾಲ್ಸಿಯಂ ನೈಟ್ರೇಟ್, ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್), ಮೂರೂ ಅಲ್ಲೇ. ಸುಣ್ಣ ಮನೆಯಲ್ಲಿದೆ. ಬೇರಿಯಂ ಕ್ಲೋರೈಡ್ ಮಾತ್ರ ಲ್ಯಾಬ್ ಅಂಗಡಿಯದು. ಅದು ವಿಷ, ಹನಿ ಬಿಡುವುದು ನಾನೇ, ಮಕ್ಕಳಲ್ಲ. ಮುಗಿದ ಮೇಲೆ ಮೆಗ್ನೀಸಿಯಂ ಸಲ್ಫೇಟ್ ನೀರು ಸುರಿದು ಎಲ್ಲವನ್ನೂ ಸಲ್ಫೇಟ್ ಮಾಡಿಬಿಡುತ್ತೇನೆ. ಎಕ್ಸ್‌ರೇಗೆ ಮುಂಚೆ ರೋಗಿಗೆ ಕುಡಿಸುವುದೂ ಬೇರಿಯಂ ಸಲ್ಫೇಟನ್ನೇ, ಅಷ್ಟು ಕರಗದ ವಸ್ತು.

ಈ ಗುಂಪಿನ ಸೊಗಸು ಏನೆಂದರೆ ಹೈಡ್ರಾಕ್ಸೈಡ್ ಒಂದು ದಿಕ್ಕಿಗೆ, ಸಲ್ಫೇಟ್ ಇನ್ನೊಂದು ದಿಕ್ಕಿಗೆ. ಕೆಳಗಿಳಿದಂತೆ ಹೈಡ್ರಾಕ್ಸೈಡ್ ಹೆಚ್ಚು ಕರಗುತ್ತದೆ, ಸಲ್ಫೇಟ್ ಕಡಿಮೆ. ಸುಣ್ಣದ ತಿಳಿಯನ್ನು ಮೆಗ್ನೀಸಿಯಂ ಸಲ್ಫೇಟಿಗೆ ಬಿಟ್ಟರೆ ಬಿಳಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇಳಿಯುತ್ತದೆ. ಅರ್ಧ ಲೋಟ ನೀರಿಗೆ ಚಿಟಿಕೆ ಸಲ್ಫೇಟ್ ಸಾಕು, ಗಟ್ಟಿಯಾದರೆ ಜಿಪ್ಸಮ್ಮೂ ಜೊತೆಗಿಳಿದು ಗೊಂದಲ. ಅನುಮಾನ ಬಂದರೆ ವಿನೆಗರ್ ಬಿಡಿ, ಹೈಡ್ರಾಕ್ಸೈಡ್ ಕರಗುತ್ತದೆ, ಜಿಪ್ಸಮ್ ಜಗ್ಗುವುದಿಲ್ಲ.

ಸಲ್ಫೇಟಿಗೆ ನನ್ನ ಅಸ್ತ್ರ ಜಿಪ್ಸಮ್ ನೀರು. ರಾತ್ರಿಯಿಡೀ ಜಿಪ್ಸಮ್ ನೆನೆಸಿ ಸೋಸಿಕೊಂಡರೆ ಲೀಟರಿಗೆ ಎರಡು ಗ್ರಾಮಿನಷ್ಟೇ ಕರಗಿರುತ್ತದೆ. ಆ ತೆಳು ಸಲ್ಫೇಟೇ ಬೇಕಾದದ್ದು. ಅದನ್ನು ಕ್ಯಾಲ್ಸಿಯಂ ನೈಟ್ರೇಟಿಗೆ ಬಿಟ್ಟರೆ ಏನೂ ಆಗದು, ಬೇರಿಯಮ್ಮಿಗೆ ಬಿಟ್ಟ ಕ್ಷಣ ಹಾಲು. ಸ್ಟ್ರಾಂಷಿಯಂ? ಅದೇ ಮೇಷ್ಟ್ರು ಚಿಟಿಕೆ ಸ್ಟ್ರಾಂಷಿಯಂ ಕ್ಲೋರೈಡ್ ಕೊಟ್ಟರು. ಹಾಕುವ ಮೊದಲು ಮಕ್ಕಳಿಂದ ಬರೆಸಿದೆ. ಅರ್ಧದಷ್ಟು ಜನ ‘ಆಗುತ್ತೆ, ಆದರೆ ತಡ’ ಎಂದು ಬರೆದಿದ್ದರು. ಮೊದಲು ತಿಳಿಯಾಗೇ ಇತ್ತು, ಬಿಸಿನೀರಿನ ಬಟ್ಟಲಲ್ಲಿಟ್ಟು ಸ್ವಲ್ಪ ಹೊತ್ತಿಗೆ ನಿಧಾನ ಮಬ್ಬಾಯಿತು. ಹಿಂದಿನ ಬೆಂಚಿನ ಒಬ್ಬ, ದಾಳಿಂಬೆ ತೋಟದವರ ಹುಡುಗ, ಎದ್ದು "ಅದಕ್ಕೇ ಸಾರ್ ನಮ್ಮಪ್ಪ ಕ್ಯಾಲ್ಸಿಯಂ ನೈಟ್ರೇಟನ್ನೂ ಮೆಗ್ನೀಸಿಯಮ್ಮನ್ನೂ ಒಂದೇ ಡ್ರಮ್ಮಿಗೆ ಹಾಕಲ್ಲ, ಡ್ರಿಪ್ ಕಟ್ಕೊಳ್ಳುತ್ತೆ" ಅಂದ. ಅಲ್ಲಿ ಕಟ್ಟಿಕೊಳ್ಳುವುದು ಜಿಪ್ಸಮ್ಮೇ, ಎರಡೂ ಗಟ್ಟಿಯಾಗಿರುವುದರಿಂದ. ಸಲ್ಫೇಟ್ ಅಲ್ಲದ ಪೊಟ್ಯಾಷ್ (ಪೊಟ್ಯಾಸಿಯಂ ಕ್ಲೋರೈಡ್) ಜೊತೆ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ ಆ ಕಾಟವಿಲ್ಲ ಎಂದೂ ಅವನೇ ಹೇಳಿದ. ಅವರಪ್ಪನಿಗೆ ಕೋಷ್ಟಕ ಗೊತ್ತಿಲ್ಲ, ಡ್ರಮ್ಮು ಗೊತ್ತು.

ಖರ್ಚು, ನಾನು ಕೊಂಡಾಗಿನ ಬೆಲೆಯಲ್ಲಿ: ಪೊಟ್ಯಾಸಿಯಂ ಅಯೊಡೈಡ್ ನೂರು ಗ್ರಾಂಗೆ ಏಳೆಂಟು ನೂರು, ಅದೇ ದುಬಾರಿ. ಬ್ರೋಮೈಡ್, ಬೇರಿಯಂ ತಲಾ ಇನ್ನೂರೈವತ್ತರಂತೆ. ಗೊಬ್ಬರದ್ದು ಎಲ್ಲಾ ಸೇರಿ ಇನ್ನೂರು. ಪ್ಯಾರಾಫಿನ್, ಟಿಂಕ್ಚರ್, ವಿನೆಗರ್ ನೂರೈವತ್ತು. ಸುಮಾರು ಸಾವಿರದ ಆರುನೂರು, ಕೈಯಿಂದ ಹಾಕಿದ್ದು, ಎರಡು ವರ್ಷ ಬಂದಿದೆ. ಅಯೊಡೈಡ್ ಇನ್ನೂ ಅರ್ಧ ಬಾಟಲಿ ಇದೆ.

ಈಗ ಕೈ ಹಾಕಿರುವುದು ಫ್ಲೂರೈಡಿಗೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಅದರ ಕಾಟ ಗೊತ್ತಿರುವುದೇ. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಧಾರಾಳ ಕರಗುತ್ತದೆ, ಕ್ಯಾಲ್ಸಿಯಂ ಫ್ಲೂರೈಡ್ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಗುಂಪಿನ ಮೊದಲ ಎರಡು ಇಷ್ಟು ಬೇರೆ. ಬೆಳ್ಳಿಯ ಜೊತೆ ನೋಡಿದರೆ ಇದೇ ತಲೆಕೆಳಗು. ಸೋಡಿಯಂ ಫ್ಲೂರೈಡನ್ನು ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಬೆಳ್ಳಿ ನೈಟ್ರೇಟಿನ ಬೆಲೆ ಕೇಳಿ ಲ್ಯಾಬ್ ಅಂಗಡಿಯಿಂದ ಬರಿಗೈಲಿ ಬಂದಿದ್ದೇನೆ. ಯಾರ ಹತ್ತಿರವಾದರೂ ಐದು ಗ್ರಾಂ ಉಳಿದಿದ್ದರೆ ಹೇಳಿ, ಪ್ಯಾರಾಫಿನ್ ಉಪಾಯಕ್ಕೆ ಬದಲಾಯಿಸಿಕೊಳ್ಳೋಣ.